ನವೆಂಬರಲ್ಲಿ ಎದ್ದು ಬಂದ ಹುಡುಗ: ಕ್ರಿಸ್ ಒಲಾವೆ ಮತ್ತು ಒಹಾಯೊ ಸ್ಟೇಟ್‌ನ ತುಂಬಿ ತುಳುಕೋ ರಿಸೀವರ್ ರೂಮ್

ಎಲ್ರಿಗೂ ನಮಸ್ಕಾರ. ಇವತ್ತು ಪ್ರಿಡಿಕ್ಷನ್ನು, ರ‍್ಯಾಂಕಿಂಗು ಏನೂ ಇಲ್ಲ, ಒಂದೇ ಒಂದು ವಿಷಯ. ಪ್ರತಿ ವರ್ಷ ಅಮೆರಿಕದ ಕಾಲೇಜ್ ಫುಟ್‌ಬಾಲ್ ಸೀಸನ್ ಮುಗಿಯೋ ಹೊತ್ತಿಗೆ ಇದೇ ಮಾತು ಶುರುವಾಗತ್ತೆ. ಸೆಪ್ಟೆಂಬರಿಂದ ಸೈಡ್‌ಲೈನಲ್ಲಿ ಹೆಲ್ಮೆಟ್ ಹಿಡ್ಕೊಂಡು ನಿಂತಿದ್ದ ಯಾವನೋ ಒಬ್ಬ ರಿಸೀವರ್, ಅಂದ್ರೆ ಓಡಿ ಹೋಗಿ ಪಾಸ್ ಹಿಡಿಯೋ ಆಟಗಾರ, ನವೆಂಬರ್ ಕೊನೇಲಿ ದೊಡ್ಡ ಮ್ಯಾಚಲ್ಲಿ ಎರಡು ಟಚ್‌ಡೌನ್ (ಬಾಲನ್ನ ಎದುರಾಳಿ ಕಡೆಯ ಕೊನೇ ಗೆರೆ ದಾಟಿಸೋ ಸ್ಕೋರ್) ಹಿಡೀತಾನೆ, ತಕ್ಷಣ ಅರ್ಧ ಜನ ಅದೃಷ್ಟ ಖುಲಾಯಿಸ್ತು ಅಂತಾರೆ, ಇನ್ನರ್ಧ ಜನ ಇಂಥವನ್ನ ಇಷ್ಟು ದಿನ ಯಾಕ್ರೀ ಕೂರಿಸಿದ್ರಿ ಅಂತ ಕೋಚ್ ಮೇಲೆ ಬೀಳ್ತಾರೆ. ನನಗೆ ಎರಡೂ ಒಪ್ಪಿಗೆ ಇಲ್ಲ. ತುಂಬಾ ಜನ ಇರೋ ರಿಸೀವರ್ ಗುಂಪಲ್ಲಿ ಲೇಟಾಗಿ ಮೇಲೆ ಬರೋ ಹುಡುಗ ಆ ಗುಂಪು ಇರೋದ್ರಿಂದಾನೇ ಮೇಲೆ ಬರ್ತಾನೆ ಅನ್ನೋದು ನನ್ನ ವಾದ. ಇದಕ್ಕೆ ನನ್ನ ಹತ್ರ ಇರೋ ಬೆಸ್ಟ್ ಉದಾಹರಣೆ ಕ್ರಿಸ್ ಒಲಾವೆ, ವರ್ಷ 2018, ಟೀಮ್ ಒಹಾಯೊ ಸ್ಟೇಟ್.

ಮೊದಲು ಆ ರೂಮಲ್ಲಿ, ಅಂದ್ರೆ ಆ ಟೀಮಿನ ರಿಸೀವರ್ ಗುಂಪಲ್ಲಿ, ಯಾರ‍್ಯಾರಿದ್ರು ನೋಡಿ. ಪ್ಯಾರಿಸ್ ಕ್ಯಾಂಪ್ಬೆಲ್, ಆ ಸೀಸನ್ನಲ್ಲಿ 90 ಕ್ಯಾಚ್, 1,063 ಯಾರ್ಡ್. ಕೆ.ಜೆ. ಹಿಲ್, 70 ಕ್ಯಾಚ್, ಮುಂದೆ 2019ರ ಸೀಸನ್ನಲ್ಲಿ ಒಹಾಯೊ ಸ್ಟೇಟ್‌ನ ಅತಿ ಹೆಚ್ಚು ಕ್ಯಾಚ್ ದಾಖಲೆ ಮುರಿದವನು. ಟೆರಿ ಮೆಕ್ಲಾರಿನ್, ಬರೀ 35 ಕ್ಯಾಚು ಆದ್ರೆ 701 ಯಾರ್ಡ್, ಅಂದ್ರೆ ಒಂದೊಂದು ಸಲ ಬಾಲ್ ಕೈಗೆ ಬಂದಾಗ್ಲೂ ಸರಾಸರಿ 20 ಯಾರ್ಡ್. ಜಾನಿ ಡಿಕ್ಸನ್ ಇದ್ದ, ಆಸ್ಟಿನ್ ಮ್ಯಾಕ್ ಇದ್ದ, ಬಿಂಜಮೆನ್ ವಿಕ್ಟರ್ ಇದ್ದ. ಆರು ಜನ, ಎಲ್ಲಾ ಅನುಭವಿಗಳು, ಬೇರೆ ಯಾವ ಕಾಲೇಜಿಗೆ ಹೋಗಿದ್ರೂ ಮೊದಲ ದಿನದಿಂದ ಆಡೋರು. ಫೀಲ್ಡಲ್ಲಿ ಒಂದು ಸಲಕ್ಕೆ ಸಾಮಾನ್ಯವಾಗಿ ಮೂರು ಜನ ರಿಸೀವರ್‌ಗೆ ಜಾಗ, ಬಾಲ್ ಒಂದೇ. ಇಂಥ ರೂಮಿಗೆ ಕ್ಯಾಲಿಫೋರ್ನಿಯಾದಿಂದ ಒಬ್ಬ ಸಣಕಲು ಹುಡುಗ ಬಂದು ಕೂತ್ಕೊಂಡ, ಜೆರ್ಸಿ ನಂಬರ್ 17.

ಅವನು ಬಂದ ಕಥೇನೇ ಒಂಥರಾ. ಸ್ಯಾನ್ ಡಿಯೇಗೊ ಹತ್ರದ ಸ್ಯಾನ್ ಮಾರ್ಕೋಸ್ ಊರಿನ ಮಿಷನ್ ಹಿಲ್ಸ್ ಹೈಸ್ಕೂಲಿಗೆ ಆಗ ಒಹಾಯೊ ಸ್ಟೇಟ್ ಅಸಿಸ್ಟೆಂಟ್ ಕೋಚ್ ಆಗಿದ್ದ ರಯಾನ್ ಡೇ ಹೋಗಿದ್ದು ಜ್ಯಾಕ್ ಟಟಲ್ ಅನ್ನೋ ಕ್ವಾರ್ಟರ್‌ಬ್ಯಾಕನ್ನ, ಅಂದ್ರೆ ಪಾಸ್ ಎಸೆಯೋನನ್ನ, ನೋಡೋಕೆ. ಟಟಲ್ ಬಾಲ್ ಎಸೀತಾ ಇದ್ದ, ಆ ಬಾಲ್ ಹಿಡೀತಿದ್ದ ಹುಡುಗನ ಮೇಲೆ ಡೇ ಕಣ್ಣು ಬಿತ್ತು, ಅವನೇ ಒಲಾವೆ. ಸ್ಕೂಲ್ ಬದಲಾಯಿಸಿದ್ದಕ್ಕೆ ಹೈಸ್ಕೂಲಿನ ಮೂರನೇ ವರ್ಷ ಅವನಿಗೆ ಆಡೋಕೇ ಬಿಟ್ಟಿರಲಿಲ್ಲ, ಹಾಗಾಗಿ ರಿಕ್ರೂಟಿಂಗ್ ಮಾಡೋರ ಕಣ್ಣಿಗೂ ಅಷ್ಟು ಬಿದ್ದಿರಲಿಲ್ಲ, ಐದಕ್ಕೆ ಮೂರು ಸ್ಟಾರ್ ರೇಟಿಂಗ್ ಅಷ್ಟೇ. ಒಹಾಯೊ ಸ್ಟೇಟ್ ಥರದ ಕಾಲೇಜಲ್ಲಿ ನಾಲ್ಕು ಸ್ಟಾರು ಐದು ಸ್ಟಾರು ಅಂದ್ರೆ ಮಾಮೂಲಿ, ಅಲ್ಲಿ ಮೂರು ಸ್ಟಾರ್ ಅಂದ್ರೆ ಸಾಲಲ್ಲಿ ಕೊನೆಗೆ ನಿಲ್ಲೋನು.

ಅಕ್ಟೋಬರ್ 20ಕ್ಕೆ ಪರ್ಡ್ಯೂ ವಿರುದ್ಧ ಒಹಾಯೊ ಸ್ಟೇಟ್ 49-20ಕ್ಕೆ ಸೋತು ಮಕಾಡೆ ಬಿತ್ತು. ಅದೇ ಮ್ಯಾಚಲ್ಲಿ ಆಸ್ಟಿನ್ ಮ್ಯಾಕ್ ಪಾದಕ್ಕೆ ಪೆಟ್ಟಾಯ್ತು, ಆಪರೇಷನ್ ಆಯ್ತು, ಅವನ ಸೀಸನ್ ಅಲ್ಲಿಗೇ ಮುಗೀತು. ಹೀಗೆ ರೊಟೇಷನಲ್ಲಿ ಒಂದು ಜಾಗ ಖಾಲಿ. ಅದೃಷ್ಟ ಅನ್ನೋರು ಕಥೇನ ಇಲ್ಲಿಗೇ ನಿಲ್ಲಿಸಿಬಿಡ್ತಾರೆ, ಒಬ್ಬ ಬಿದ್ದ ಇನ್ನೊಬ್ಬ ಎದ್ದ ಅಂತ. ಆದ್ರೆ ಆ ಖಾಲಿ ಜಾಗಕ್ಕೆ ಮೊದಲ ವರ್ಷದ ಹುಡುಗನ್ನೇ ಯಾಕೆ ತಂದ್ರು ಅನ್ನೋದು ನೋಡಬೇಕಾದ್ದು. ಆ ಹೊತ್ತಿಗೆ ರಿಸೀವರ್‌ಗಳ ಕೋಚ್ ಬ್ರಯಾನ್ ಹಾರ್ಟ್‌ಲೈನ್, ಇದೇ ಕಾಲೇಜಲ್ಲಿ ಆಡಿ, ಎನ್‌ಎಫ್‌ಎಲ್ ಅನ್ನೋ ಪ್ರೊಫೆಷನಲ್ ಲೀಗಲ್ಲಿ ಮಯಾಮಿ ಡಾಲ್ಫಿನ್ಸ್‌ಗೆ ಆಡಿ ಬಂದವರು, ಆ ಕೆಲಸಕ್ಕೆ ಆ ವರ್ಷಾನೇ ಬಂದಿದ್ರು. ರಿಸೀವರ್ ಆಗಿದ್ದವರಿಗೆ ರಿಸೀವರ್ ಕಾಲು ನೋಡಿದ ತಕ್ಷಣ ಗೊತ್ತಾಗತ್ತೆ. ಒಲಾವೆ ರೂಟ್ (ಮೊದಲೇ ಗೊತ್ತು ಮಾಡಿದ ಓಟದ ದಾರಿ) ಓಡೋದು ನೋಡಿದೋರಿಗೆ ನಾನು ಏನ್ ಹೇಳ್ತಿದೀನಿ ಅರ್ಥ ಆಗತ್ತೆ, ಪೂರ್ತಿ ವೇಗದಲ್ಲಿ ಓಡ್ತಿರ್ತಾನೆ, ಎದುರು ಇರೋ ಕಾರ್ನರ್‌ಬ್ಯಾಕ್, ಅಂದ್ರೆ ರಿಸೀವರ್‌ನ ಕಾಯೋ ಡಿಫೆಂಡರ್, ಇವನು ನೇರ ಹೋಗ್ತಾನೆ ಅಂತ ಸೊಂಟ ತಿರುಗಿಸ್ತಾನೆ, ಅಷ್ಟರಲ್ಲಿ ಇವನು ಕಟ್ ಮಾಡಿ ಬೇರೆ ಕಡೆ ಇರ್ತಾನೆ, ವೇಗ ಇಳಿಸಿದ್ದೇ ಕಾಣಲ್ಲ. ಇದು ಒಂದು ವಾರದಲ್ಲಿ ಬರಲ್ಲ ರೀ. ಕ್ಯಾಂಪ್ಬೆಲ್, ಮೆಕ್ಲಾರಿನ್ ಥರದವರ ಜೊತೆ ಸಾಲಲ್ಲಿ ನಿಂತು, ಮುಂದೆ ಎನ್‌ಎಫ್‌ಎಲ್‌ಗೆ ಹೋಗೋ ಕಾರ್ನರ್‌ಬ್ಯಾಕ್‌ಗಳ ಎದುರು ಪ್ರ್ಯಾಕ್ಟೀಸಲ್ಲಿ ದಿನಾ ಓಡಿ ಬರೋದು.

ಈಗ ನವೆಂಬರ್ 24. ಮಿಷಿಗನ್. ಈ ಎರಡು ಟೀಮ್‌ಗಳ ವೈರ ಗೊತ್ತಿಲ್ಲದೋರಿಗೆ ಇಷ್ಟು ಹೇಳ್ತೀನಿ, ವರ್ಷದ ಬೇರೆಲ್ಲಾ ಮ್ಯಾಚ್ ಗೆದ್ದು ಇದೊಂದು ಸೋತ್ರೆ ಆ ಊರಿನ ಜನ ಕ್ಷಮಿಸಲ್ಲ. ಮಿಷಿಗನ್ ಆಗ ನಾಲ್ಕನೇ ರ‍್ಯಾಂಕು, ಡಿಫೆನ್ಸ್ ದೇಶದಲ್ಲೇ ಟಾಪ್ ಅಂತ ಹೆಸರು. ಒಹಾಯೊ ಸ್ಟೇಟ್ ಹಿಂದಿನ ವಾರಾನೇ ಮೇರಿಲ್ಯಾಂಡ್ ಮೇಲೆ ಓವರ್‌ಟೈಮಲ್ಲಿ 52-51ಕ್ಕೆ ಹೇಗೋ ಪಾರಾಗಿ ಬಂದಿತ್ತು.

ಮಿಷಿಗನ್ ಡಿಫೆನ್ಸ್ ನಡೆಸ್ತಿದ್ದ ಡಾನ್ ಬ್ರೌನ್‌ಗೆ ಮ್ಯಾನ್ ಕವರೇಜ್ ಅಂದ್ರೆ ಪ್ರಾಣ, ಅಂದ್ರೆ ಒಬ್ಬ ರಿಸೀವರ್‌ಗೆ ಒಬ್ಬ ಡಿಫೆಂಡರ್, ಎಲ್ಲಿ ಹೋದ್ರೂ ಅವನ ಹಿಂದೇನೇ. ಇಂಥ ಡಿಫೆನ್ಸ್ ಮುಂದೆ ನಿಮ್ಮ ಹತ್ರ ಒಬ್ಬನೇ ಸ್ಟಾರ್ ರಿಸೀವರ್ ಇದ್ರೆ ಅವರ ಬೆಸ್ಟ್ ಕಾರ್ನರ್‌ಬ್ಯಾಕ್ ಅವನಿಗೆ ಅಂಟ್ಕೊಂಡು ಕಥೆ ಮುಗಿಸಿಬಿಡ್ತಾನೆ. ಆದ್ರೆ ಎದುರಿಗೆ ಕ್ಯಾಂಪ್ಬೆಲ್, ಹಿಲ್, ಮೆಕ್ಲಾರಿನ್, ಡಿಕ್ಸನ್ ಎಲ್ಲಾ ಇದ್ರೆ ಒಳ್ಳೇ ಕಾರ್ನರ್‌ಬ್ಯಾಕ್‌ಗಳನ್ನ ಯಾರ‍್ಯಾರಿಗೆ ಅಂತ ಹಾಕ್ತೀರಾ? ಒಹಾಯೊ ಸ್ಟೇಟ್ ಅವತ್ತು ಮಾಡಿದ್ದು ಕ್ರಾಸಿಂಗ್ ರೂಟ್‌ಗಳು, ಆ ಕಡೆಯಿಂದ ಒಬ್ಬ ಈ ಕಡೆಗೆ, ಈ ಕಡೆಯಿಂದ ಒಬ್ಬ ಆ ಕಡೆಗೆ, ಇಬ್ಬರೂ ಭುಜಕ್ಕೆ ಭುಜ ತಾಗೋ ಹಾಗೆ ದಾಟ್ತಾರೆ, ಹಿಂದೆ ಬರೋ ಡಿಫೆಂಡರ್‌ಗಳು ಒಬ್ಬರಿಗೊಬ್ಬರು ಅಡ್ಡ ಬಂದು ಎರಡು ಹೆಜ್ಜೆ ಹಿಂದೆ ಬೀಳ್ತಾರೆ, ಕ್ವಾರ್ಟರ್‌ಬ್ಯಾಕ್ ಡ್ವೇನ್ ಹ್ಯಾಸ್ಕಿನ್ಸ್‌ಗೆ ಆ ಎರಡು ಹೆಜ್ಜೆ ಸಾಕಿತ್ತು. ಆ ವರ್ಷ ಅವನು ಎಸೆದಿದ್ದು 50 ಟಚ್‌ಡೌನ್. 2022ರಲ್ಲಿ ತೀರಿಕೊಂಡ, ಆ ಮ್ಯಾಚ್ ವಿಡಿಯೋ ಈಗ ನೋಡಿದ್ರೂ ಹೊಟ್ಟೇಲಿ ಸಂಕಟ ಆಗತ್ತೆ, ಎಷ್ಟು ಸಲೀಸಾಗಿ ಎಸೀತಿದ್ದ.

ಅವತ್ತಿನ ಮೊದಲ ಟಚ್‌ಡೌನ್ ಒಲಾವೆಗೆ, 24 ಯಾರ್ಡ್. ಅವನ ಕಾಲೇಜ್ ಜೀವನದ ಮೊದಲ ಟಚ್‌ಡೌನ್ ಅದು. ಆಮೇಲೆ ಹಿಲ್ ಒಂದು ಹಿಡಿದ. ಮತ್ತೆ ಒಲಾವೆ, ಮತ್ತೆ 24 ಯಾರ್ಡ್. ಇಡೀ ಮ್ಯಾಚಲ್ಲಿ ಅವನು ಹಿಡಿದಿದ್ದು ಎರಡೇ ಕ್ಯಾಚ್, ಎರಡೂ ಟಚ್‌ಡೌನ್. ಮಿಷಿಗನ್ ಕೋಚ್‌ಗಳು ಆ ವಾರ ಪೂರ್ತಿ ಕ್ಯಾಂಪ್ಬೆಲ್ ವಿಡಿಯೋ ನೋಡಿರ್ತಾರೆ, ಮೆಕ್ಲಾರಿನ್ ವಿಡಿಯೋ ನೋಡಿರ್ತಾರೆ, 17ನೇ ನಂಬರಿಂದು ನೋಡೋಕೆ ಏನಿತ್ತು ಹೇಳಿ? ದೊಡ್ಡವರು ಡಿಫೆನ್ಸನ್ನ ಆ ಕಡೆ ಈ ಕಡೆ ಎಳೆದಿದ್ರು, ಆ ಸಂದೀಲಿ ಹುಡುಗ ನುಗ್ಗಿದ.

ಆದ್ರೆ ನನಗೆ ಆ ಎರಡು ಕ್ಯಾಚಿಗಿಂತ ದೊಡ್ಡದು ಮೂರನೇ ಕ್ವಾರ್ಟರಲ್ಲಿ ಆದ ಒಂದು ಘಟನೆ. ಹಾಫ್‌ಟೈಮಲ್ಲಿ 24-19, ಮಿಷಿಗನ್ ಇನ್ನೂ ಬೆನ್ನಟ್ಟಿ ಬರ್ತಿದೆ. ಆಮೇಲೆ 27-19. ಮಿಷಿಗನ್ ಪಂಟ್ ಮಾಡಬೇಕು, ಅಂದ್ರೆ ಬಾಲನ್ನ ದೂರ ಒದ್ದು ಎದುರಾಳಿಗೆ ಬಿಟ್ಟುಕೊಡೋದು, ಸಾಮಾನ್ಯವಾಗಿ ನಾವೆಲ್ಲಾ ಎದ್ದು ಕಾಫಿಗೆ ಹೋಗೋ ಸಮಯ. ಒಲಾವೆ ನುಗ್ಗಿ ಹೋಗಿ ಪಂಟರ್ ಕಾಲಿನ ಮುಂದೆ ಕೈ ಚಾಚಿ ಬಾಲ್ ತಡೆದ. ಹಾರಿದ ಬಾಲನ್ನ ಸೆವಿನ್ ಬ್ಯಾಂಕ್ಸ್ ಅನ್ನೋ ಇನ್ನೊಬ್ಬ ಮೊದಲ ವರ್ಷದ ಹುಡುಗ ತಗೊಂಡು 33 ಯಾರ್ಡ್ ಓಡಿ ಟಚ್‌ಡೌನ್. 34-19. ಸ್ಟೇಡಿಯಂ ಹುಚ್ಚೆದ್ದು ಹೋಯ್ತು, ಅಲ್ಲಿಂದ ಮಿಷಿಗನ್ ಚೇತರಿಸ್ಕೊಳ್ಳಲೇ ಇಲ್ಲ, ಕೊನೆಗೆ ಸ್ಕೋರ್ 62-39.

ಈ ಪಂಟ್ ಟೀಮು, ಕಿಕ್ ಟೀಮು, ಇವನ್ನೆಲ್ಲಾ ಸೇರಿಸಿ ಸ್ಪೆಷಲ್ ಟೀಮ್ಸ್ ಅಂತಾರೆ. ಕ್ರಿಕೆಟಲ್ಲಿ ಹೊಸ ಹುಡುಗ ಟೀಮಿಗೆ ಬಂದ್ರೆ ಮೊದಲು ಶಾರ್ಟ್ ಲೆಗ್‌ನಲ್ಲಿ ನಿಲ್ಲಿಸ್ತಾರಲ್ಲ, ಹೆಲ್ಮೆಟ್ ಹಾಕ್ಕೊಂಡು ಬ್ಯಾಟ್ಸ್‌ಮನ್ ಮೂಗಿನ ಕೆಳಗೆ, ಅಂಥದ್ದೇ ಜಾಗ ಇದು. ಪೆಟ್ಟು ಜಾಸ್ತಿ, ಹೆಸರು ಕಮ್ಮಿ, ಆದ್ರೆ ಹುಡುಗನಿಗೆ ಧೈರ್ಯ ಇದ್ಯಾ, ಹೇಳಿದ ಕೆಲಸ ಮಾಡ್ತಾನಾ ಅಂತ ಕೋಚ್‌ಗೆ ಅಲ್ಲೇ ಗೊತ್ತಾಗೋದು. ಒಹಾಯೊ ಸ್ಟೇಟಲ್ಲಿ ಇದು ಬರೀ ಹುಡುಗರ ಕೆಲಸ ಆಗಿರಲಿಲ್ಲ ಅನ್ನೋದು ಮುಖ್ಯ. ಟೆರಿ ಮೆಕ್ಲಾರಿನ್, ಟೀಮ್ ಕ್ಯಾಪ್ಟನ್, ಒಂದು ಕ್ಯಾಚಿಗೆ 20 ಯಾರ್ಡ್ ಹೊಡೆಯೋ ರಿಸೀವರ್, ಪಂಟ್ ಬಂದಾಗ ಅಂಚಲ್ಲಿ ನಿಂತು ಗನ್ನರ್ ಆಗಿ ಜೀವ ಬಿಟ್ಟು ಓಡ್ತಿದ್ದ, ಎದುರಾಳಿ ರಿಟರ್ನರ್‌ನ ಕೆಡವೋಕೆ. ಕ್ಯಾಪ್ಟನ್ನೇ ಹಾಗೆ ಓಡೋದನ್ನ ಮೂರು ತಿಂಗಳು ಕಣ್ಣಾರೆ ನೋಡಿದ ಹುಡುಗ ಪಂಟ್ ಟೀಮ್ ಅಂದ್ರೆ ಶಿಕ್ಷೆ ಅಂದ್ಕೋತಾನಾ? ಕಾದು ಕೂತ ದಿನಗಳು ದಂಡ ಅನ್ನೋರಿಗೆ ನಾನು ತೋರಿಸೋದು ಆ ಬ್ಲಾಕನ್ನೇ. ಆ ಕೈ ಅಲ್ಲಿಗೆ ತಲುಪಿದ್ದು ಆ ಮೂರು ತಿಂಗಳಿಂದ.

ಮುಂದಿನ ವಾರ ಬಿಗ್ ಟೆನ್ (ಒಹಾಯೊ ಸ್ಟೇಟ್ ಆಡೋ ಕಾಲೇಜ್ ಲೀಗ್) ಫೈನಲಲ್ಲಿ ನಾರ್ತ್‌ವೆಸ್ಟರ್ನ್ ವಿರುದ್ಧ ಐದು ಕ್ಯಾಚ್, ಇನ್ನೊಂದು ಟಚ್‌ಡೌನ್. ಇಡೀ ಸೀಸನ್ ಲೆಕ್ಕ ಹಾಕಿದ್ರೆ 12 ಕ್ಯಾಚ್, 197 ಯಾರ್ಡ್, 3 ಟಚ್‌ಡೌನ್, ಅಷ್ಟೇ. ಬರೀ ಅಂಕಿಅಂಶ ನೋಡೋರು ಈ ಸಾಲನ್ನ ದಾಟಿ ಮುಂದೆ ಹೋಗಿಬಿಡ್ತಾರೆ. ಆದ್ರೆ ಮುಂದಿನ ವರ್ಷ ಅದೇ ಹುಡುಗ ಟೀಮಲ್ಲೇ ಅತಿ ಹೆಚ್ಚು, 12 ಟಚ್‌ಡೌನ್ ಹಿಡಿದ.

ಹಾಗಂತ ಒಂದು ನವೆಂಬರ್ ಬಂದ್ರೆ ಎಲ್ಲಾ ಸಲೀಸು ಅಂತಲ್ಲ. 2019ರ ಡಿಸೆಂಬರ್ ಕೊನೇಲಿ ಫಿಯೆಸ್ಟಾ ಬೌಲ್, ಪ್ಲೇಆಫ್ ಸೆಮಿಫೈನಲ್, ಕ್ಲೆಮ್ಸನ್ 29-23 ಮುಂದೆ, ಕೊನೇ ನಿಮಿಷ. ಕ್ವಾರ್ಟರ್‌ಬ್ಯಾಕ್ ಜಸ್ಟಿನ್ ಫೀಲ್ಡ್ಸ್ ಓಡೋಕೆ ಹೊರಟ ಅಂದ್ಕೊಂಡು ಒಲಾವೆ ರೂಟ್ ಅರ್ಧಕ್ಕೆ ಬಿಟ್ಟ, ಫೀಲ್ಡ್ಸ್ ಎಸೆದಿದ್ದು ಅವನು ಇರಬೇಕಾಗಿದ್ದ ಜಾಗಕ್ಕೆ, ಇಂಟರ್‌ಸೆಪ್ಷನ್, ಅಂದ್ರೆ ಬಾಲ್ ಕ್ಲೆಮ್ಸನ್ ಕೈಗೆ, ಸೀಸನ್ ಮುಗೀತು. ಆಮೇಲೆ ಒಂದು ವರ್ಷ ಅವನು ಅದನ್ನ ಹೊತ್ತುಕೊಂಡು ತಿರುಗಿದ. 2021ರ ಜನವರಿ 1, ಶುಗರ್ ಬೌಲ್, ಮತ್ತೆ ಅದೇ ಕ್ಲೆಮ್ಸನ್, ಆರು ಕ್ಯಾಚ್, 132 ಯಾರ್ಡ್, ಎರಡು ಟಚ್‌ಡೌನ್, 49-28. ಆ ರಾತ್ರಿ ಅವನ ಮುಖ ನೋಡಿ ಖುಷಿಯಾಗದೇ ಇದ್ದೋರು ಕ್ಲೆಮ್ಸನ್ ಕಡೆಯೋರೇ ಇರಬೇಕು. ಕಾಲೇಜ್ ಬಿಡೋ ಹೊತ್ತಿಗೆ 35 ಟಚ್‌ಡೌನ್ ಕ್ಯಾಚ್, ಒಹಾಯೊ ಸ್ಟೇಟ್ ದಾಖಲೆ.

ಈಗ ನನ್ನ ವಾದಕ್ಕೆ ಎದುರಾಗಿ ನಿಲ್ಲೋ ಒಂದು ಹೆಸರಿದೆ, ಅದನ್ನ ಮುಚ್ಚಿಟ್ಟು ಮಾತಾಡೋಕೆ ನನಗಿಷ್ಟ ಇಲ್ಲ. ಜೇಮ್ಸನ್ ವಿಲಿಯಮ್ಸ್. ಇದೇ ರೂಮಲ್ಲಿ ಎರಡು ವರ್ಷ ಕಾದ, 2020ರಲ್ಲಿ ಅವನಿಗೆ ಸಿಕ್ಕಿದ್ದು 9 ಕ್ಯಾಚ್. ಒಲಾವೆ, ಗ್ಯಾರೆಟ್ ವಿಲ್ಸನ್ ಮುಂದೆ, ಹಿಂದೆ ಜ್ಯಾಕ್ಸನ್ ಸ್ಮಿತ್-ಎನ್ಜಿಗ್ಬಾ ಬರ್ತಾ ಇದಾನೆ. ವಿಲಿಯಮ್ಸ್ ಅಲಬಾಮಾಕ್ಕೆ ಹೋದ, ಒಂದೇ ವರ್ಷದಲ್ಲಿ 1,572 ಯಾರ್ಡ್. ಅವನು ಹೋಗಿದ್ದು ತಪ್ಪು ಅಂತ ಯಾವ ಬಾಯಲ್ಲಿ ಹೇಳೋದು? ಹೇಳಲ್ಲ. 2022ರ ಎನ್‌ಎಫ್‌ಎಲ್ ಡ್ರಾಫ್ಟಲ್ಲಿ (ಪ್ರೊಫೆಷನಲ್ ಟೀಮ್‌ಗಳು ಕಾಲೇಜ್ ಹುಡುಗರನ್ನ ಸರದಿ ಮೇಲೆ ಆರಿಸ್ಕೊಳ್ಳೋದು) 10ನೇ ಹೆಸರು ವಿಲ್ಸನ್, 11ನೇದು ಒಲಾವೆ, 12ನೇದು ವಿಲಿಯಮ್ಸ್, ಒಂದರ ಹಿಂದೆ ಒಂದು. ಉಳಿದವರು ಇಬ್ಬರು, ಬಿಟ್ಟು ಹೋದವನು ಒಬ್ಬ, ಮೂವರೂ ಒಂದು ಕಾಲಕ್ಕೆ ಒಂದೇ ರೂಮಲ್ಲಿ ಕೂತು ಅದೇ ಹಾರ್ಟ್‌ಲೈನ್ ಹತ್ರ ಪಾಠ ಹೇಳಿಸ್ಕೊಂಡೋರು. ಜಾಗ ಬದಲಾಯಿಸಿದ್ರೆ ಕ್ಯಾಚ್ ಜಾಸ್ತಿ ಸಿಗಬಹುದು, ಆದ್ರೆ ಆ ಆಟ ಅವನು ಕಲಿತಿದ್ದು ಆ ಗುಂಪಲ್ಲೇ ಅನ್ನೋದು ನನ್ನ ಅಭಿಪ್ರಾಯ.

ಆ ರೂಮ್ ಅಲ್ಲಿಗೆ ಖಾಲಿ ಆಯ್ತಾ ಅಂದ್ರೆ, 2022ರ ಜನವರಿ 1ರ ರೋಸ್ ಬೌಲ್ ನೋಡಿ. ಒಲಾವೆ, ವಿಲ್ಸನ್ ಇಬ್ಬರೂ ಡ್ರಾಫ್ಟಿಗೆ ಅಂತ ಆ ಮ್ಯಾಚ್ ಆಡಲಿಲ್ಲ. ಯೂಟಾ ಹಾಫ್‌ಟೈಮಿಗೆ 35-21 ಮುಂದೆ. ಸ್ಮಿತ್-ಎನ್ಜಿಗ್ಬಾ 15 ಕ್ಯಾಚ್, 347 ಯಾರ್ಡ್, ಅದು ಬಿಡಿ, ಅದರ ಬಗ್ಗೆ ಎಲ್ಲರೂ ಮಾತಾಡಿದಾರೆ. ನಾನು ಹೇಳಬೇಕಿದ್ದು ಇನ್ನೊಂದು ತುದೀಲಿ ನಿಂತಿದ್ದ ಮೊದಲ ವರ್ಷದ ಹುಡುಗನ ಬಗ್ಗೆ, ಮಾರ್ವಿನ್ ಹ್ಯಾರಿಸನ್ ಜೂನಿಯರ್, ಇಂಡಿಯಾನಾಪೊಲಿಸ್ ಕೋಲ್ಟ್ಸ್‌ನ ಹಾಲ್ ಆಫ್ ಫೇಮ್ ರಿಸೀವರ್ ಮಗ. ಅಂಥ ಅಪ್ಪನ ಹೆಸರಿದ್ರೂ ಆ ಸೀಸನ್ನಲ್ಲಿ ಅಲ್ಲೀವರೆಗೆ ಅವನಿಗೆ ಸಿಕ್ಕಿದ್ದು ಐದು ಕ್ಯಾಚ್. ಆ ಒಂದು ಮಧ್ಯಾಹ್ನ ಆರು ಕ್ಯಾಚ್, ಮೂರು ಟಚ್‌ಡೌನ್. ಒಹಾಯೊ ಸ್ಟೇಟ್ 48-45. ಡಿಫೆನ್ಸ್ ಎಲ್ಲಾ ಸ್ಮಿತ್-ಎನ್ಜಿಗ್ಬಾ ಕಡೆ ವಾಲಿತ್ತು, ಎಂಡ್ ಝೋನಲ್ಲಿ (ಟಚ್‌ಡೌನ್ ಆಗೋ ಜಾಗ) ಉದ್ದ ಕೈಯ ಹುಡುಗ ಒಬ್ಬನೇ. ಎರಡು ವರ್ಷ ಆದ್ಮೇಲೆ ದೇಶದ ಬೆಸ್ಟ್ ರಿಸೀವರ್‌ಗೆ ಕೊಡೋ ಬಿಲೆಟ್ನಿಕಾಫ್ ಪ್ರಶಸ್ತಿ, ಡ್ರಾಫ್ಟಲ್ಲಿ ನಾಲ್ಕನೇ ಹೆಸರು.

ಈಗ ಟ್ರಾನ್ಸ್‌ಫರ್ ಪೋರ್ಟಲ್ (ಕಾಲೇಜ್ ಬದಲಾಯಿಸೋ ಆಟಗಾರರ ಪಟ್ಟಿ) ಕಾಲ, ಅಕ್ಟೋಬರಲ್ಲಿ ಆಡೋಕೆ ಸಿಗಲಿಲ್ಲ ಅಂದ್ರೆ ಸೀಸನ್ ಮುಗಿದ ಮೇಲೆ ಹುಡುಗ ಬೇರೆ ಊರಲ್ಲಿರ್ತಾನೆ, ದುಡ್ಡೂ ಇದೆ, ಯಾರನ್ನೂ ಬೈಯೋಕಾಗಲ್ಲ. ಕೋಚ್‌ಗಳಿಗೆ ನಾನು ಹೇಳೋದು ಒಂದೇ, ಆರನೇ ಏಳನೇ ಜಾಗದ ಹುಡುಗನ್ನ ಬರೀ ಸೋತಾಗಿರೋ ಮ್ಯಾಚಿನ ಕೊನೇ ಐದು ನಿಮಿಷಕ್ಕೆ ಕಳಿಸಬೇಡಿ, ಪಂದ್ಯ ಬಿಗಿಯಾಗಿರುವಾಗ ಪಂಟ್ ಟೀಮಲ್ಲಿ ಹಾಕಿ, ಒಂದು ಡ್ರೈವಲ್ಲಿ (ಬಾಲ್ ನಮ್ಮ ಕೈಲಿರೋ ಒಂದು ಸರದಿ) ಎರಡು ಸ್ನ್ಯಾಪ್, ಅಂದ್ರೆ ಎರಡು ಸಲ ಆಡೋ ಅವಕಾಶ, ಕೊಡಿ, ಅವನು ಇಲ್ಲೇ ಇರೋಕೆ ಒಂದು ಕಾರಣ ಸಿಗಲಿ.

ನಿಮಗೂ ಒಂದು ಕೆಲಸ ಕೊಡ್ತೀನಿ. ನೀವು ಯಾವ ಟೀಮ್ ಫಾಲೋ ಮಾಡ್ತೀರೋ ಅದರ ಮುಂದಿನ ಮ್ಯಾಚಲ್ಲಿ ಪಂಟ್ ಬಂದಾಗ ಟೀವಿ ಮುಂದಿಂದ ಏಳಬೇಡಿ, ರಿಸೀವರ್ ನಂಬರ್ ಹಾಕಿರೋ ಯಾವ ಹುಡುಗ ಅಲ್ಲಿ ಮೊದಲು ಓಡ್ತಾನೆ ನೋಡಿ, ಅವನ ಹೆಸರು ಕೆಳಗಡೆ ಕಾಮೆಂಟಲ್ಲಿ ಹಾಕಿ. ಸೀಸನ್ ಮುಗಿದ ಮೇಲೆ ಅದೇ ಪಟ್ಟಿ ಇಟ್ಕೊಂಡು ಒಂದು ಎಪಿಸೋಡ್ ಮಾಡೋಣ.