ಹೇಳಿದ್ದನ್ನು ಹೇಳಿದಂತೆ ಬರೆದುಕೊಳ್ಳಿ

ಕೇಳುಗರಿಗೆ ನಮಸ್ಕಾರ. ಥಣಿಸಂದ್ರ, ಯಲಹಂಕ, ಚನ್ನಪಟ್ಟಣದ ಶಾಲೆಗಳಲ್ಲಿ ಮತ್ತು ಮೈಸೂರಿನ ಅಕಾಡೆಮಿಯಲ್ಲಿ ತರಬೇತಿ ಪಡೆಯುತ್ತಿರುವ ಪೊಲೀಸ್ ಪ್ರಶಿಕ್ಷಣಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾತುಗಳನ್ನು ಆಡುತ್ತಿದ್ದೇನೆ. ವೃತ್ತಿನೀತಿ ಎಂದೊಡನೆ ಲಂಚ ಮುಟ್ಟಬಾರದು, ಕೈ ಎತ್ತಬಾರದು ಎಂಬುದು ನಿಮಗೆ ನೆನಪಾಗುತ್ತದೆ. ಅವನ್ನು ನಿಮ್ಮ ಬೋಧಕರು ದಿನವೂ ಹೇಳುತ್ತಾರೆ. ನಾನು ಹೇಳಲು ಬಂದಿರುವುದು ಒಂದೇ ವಿಷಯ: ಠಾಣೆಗೆ ಬಂದವರು ಹೇಳಿದ್ದನ್ನು ಹೇಳಿದಂತೆ ಬರೆದುಕೊಳ್ಳಿ, ಬರೆದದ್ದನ್ನು ಓದಿ ಹೇಳಿ, ಪ್ರತಿಯನ್ನು ಅವರ ಕೈಗೆ ಕೊಡಿ.

ಇದು ನಿಮ್ಮ ಔದಾರ್ಯಕ್ಕೆ ಬಿಟ್ಟ ಸಂಗತಿಯಲ್ಲ. ಸಂಜ್ಞೇಯ ಅಪರಾಧದ, ಅಂದರೆ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧದ, ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸಲೇಬೇಕೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2013ರಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಂ ಪ್ರಕಾರ, ಘಟನೆ ಯಾವ ಠಾಣೆಯ ಸರಹದ್ದಿನಲ್ಲೇ ನಡೆದಿರಲಿ, ದೂರನ್ನು ತೆಗೆದುಕೊಳ್ಳಬೇಕು. ಪ್ರತಿಗೆ ಒಂದು ಪೈಸೆಯನ್ನೂ ಕೇಳುವಂತಿಲ್ಲ.

ನಾನು ಸೇವೆಯಲ್ಲಿದ್ದಾಗ ನಗರದ ಪಶ್ಚಿಮ ಭಾಗದ ಒಂದು ಠಾಣೆಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಹೆಣ್ಣುಮಗಳೊಬ್ಬಳು ರಾತ್ರಿ ಪಾಳಿ ಬದಲಾಗುವ ಹೊತ್ತಿಗೆ ಬಂದಳು. ಬಸ್ ನಿಲ್ದಾಣದಿಂದ ಮನೆಗೆ ನಡೆದು ಹೋಗುವಾಗ ಬೈಕಿನಲ್ಲಿ ಬಂದ ಇಬ್ಬರು ಆಕೆಯ ಮೊಬೈಲನ್ನು ಕಿತ್ತುಕೊಂಡು ಹೋಗಿದ್ದರು. ಮೇಜಿನ ಬಳಿಯಿದ್ದ ಹೊಸ ಹುಡುಗ, ಮೊಬೈಲ್ ಕಳೆದುಹೋಗಿದೆ ಎಂದು ಬರೆದುಕೊಟ್ಟರೆ ಈಗಲೇ ಸ್ವೀಕೃತಿ ಸಿಗುತ್ತದೆ, ಹೊಸ ಸಿಮ್ ಪಡೆಯಲು ಅಷ್ಟು ಸಾಕು ಎಂದ. ದಣಿದಿದ್ದ ಆಕೆ ಒಪ್ಪಿಕೊಳ್ಳುವುದರಲ್ಲಿದ್ದಳು. ಅಷ್ಟರಲ್ಲಿ ನಿವೃತ್ತಿಯ ಅಂಚಿನಲ್ಲಿದ್ದ ಮುಖ್ಯ ಪೇದೆಯೊಬ್ಬರು, "ಕೂತ್ಕೊಳ್ಳಮ್ಮ, ಮೊದಲು ನೀರು ಕುಡಿ, ನಿಧಾನವಾಗಿ ಹೇಳು" ಎಂದು ಕುರ್ಚಿ ಎಳೆದು ಕೊಟ್ಟರು.

ಆಕೆ ಹೇಳಿದಳು, ಅವರು ಬರೆದರು. ಮುಗಿದ ಮೇಲೆ ಮೊದಲಿನಿಂದ ಓದಿ ಹೇಳಿದರು. ನಡುವೆ ಆಕೆ ತಡೆದಳು: "ಇಲ್ಲ ಸಾರ್, ಅವರು ಎದುರಿನಿಂದ ಬರಲಿಲ್ಲ, ಹಿಂದಿನಿಂದ ಬಂದರು." ಮುಖ್ಯ ಪೇದೆ ಬೇಸರಿಸದೆ ತಿದ್ದಿದರು. ಮೊಬೈಲಿನ ಡಬ್ಬಿ ಮನೆಯಲ್ಲಿದೆ ಎಂದು ತಿಳಿದು, ಆಕೆಯ ತಮ್ಮನಿಗೆ ಫೋನ್ ಮಾಡಿಸಿ ಐಎಂಇಐ ಸಂಖ್ಯೆಯನ್ನೂ, ಅಂದರೆ ಆ ಮೊಬೈಲನ್ನು ಗುರುತಿಸುವ ಸಂಖ್ಯೆಯನ್ನೂ, ದೂರಿನಲ್ಲಿ ಸೇರಿಸಿದರು. ಎಫ್‌ಐಆರ್ ಆಯಿತು, ಪ್ರತಿಯೊಂದಿಗೆ ಆಕೆ ಮನೆಗೆ ಹೋದಳು. ಕೆಲವು ತಿಂಗಳ ನಂತರ ಬೇರೊಂದು ಠಾಣೆಯವರು ಇಬ್ಬರನ್ನು ಹಿಡಿದು ರಾಶಿ ಮೊಬೈಲುಗಳನ್ನು ವಶಪಡಿಸಿಕೊಂಡಾಗ ಈ ಸಂಖ್ಯೆ ತಾಳೆಯಾಯಿತು. ನ್ಯಾಯಾಲಯದ ಆದೇಶದ ಮೇಲೆ ಮೊಬೈಲ್ ಆಕೆಗೆ ಮರಳಿತು. ಆ ಇಬ್ಬರ ಮೇಲೆ ಈ ಪ್ರಕರಣವೂ ಸೇರಿತು. ಅಂದು ಕಳೆದುಹೋಗಿದೆ ಎಂದು ಬರೆಸಿದ್ದರೆ ಎಫ್‌ಐಆರ್ ಸಂಖ್ಯೆಯೇ ಇರುತ್ತಿರಲಿಲ್ಲ. ಸಿಕ್ಕಿದ ಮಾಲು ಯಾವ ಅಪರಾಧದ್ದೆಂದು ತೋರಿಸಲು ದಾಖಲೆ ಇರುತ್ತಿರಲಿಲ್ಲ, ಆ ರಸ್ತೆಯಲ್ಲಿ ರಾತ್ರಿ ಗಸ್ತು ಬೇಕೆಂದು ಯಾರಿಗೂ ತಿಳಿಯುತ್ತಿರಲಿಲ್ಲ.

ಪ್ರಕರಣ ದಾಖಲಿಸಿದರೆ ಠಾಣೆಯ ಅಂಕಿ ಏರುತ್ತದೆ, ಮಾಸಿಕ ಸಭೆಯಲ್ಲಿ ಉತ್ತರ ಹೇಳಬೇಕಾಗುತ್ತದೆ ಎಂದು ಹಿರಿಯರು ಯಾರಾದರೂ ನಿಮಗೆ ಹೇಳಿಯೇ ಹೇಳುತ್ತಾರೆ. ಈ ಮಾತನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಬರೆಯದೆ ಬಿಟ್ಟರೆ ಅಪರಾಧ ಕಡಿಮೆಯಾಗುವುದಿಲ್ಲ, ಠಾಣೆಯ ಮೆಟ್ಟಿಲು ಹತ್ತುವವರು ಕಡಿಮೆಯಾಗುತ್ತಾರೆ. ದಯವಿಟ್ಟು ಬರೆದುಕೊಳ್ಳಿ.

ಸಮಯ ಸ್ವಲ್ಪವೇ ಉಳಿದಿರುವುದರಿಂದ ಬಂಧನದ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಅಲ್ಲಿಯೂ ನನ್ನ ಮಾತು ಅದೇ: ನಡೆದದ್ದನ್ನು ನಡೆದ ಹೊತ್ತಿಗೇ ಬರೆಯಿರಿ. ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಬಂಧನದ ಮೆಮೊದಲ್ಲಿ ದಿನಾಂಕ, ವೇಳೆ, ಸಾಕ್ಷಿಯ ಸಹಿ ಇರಬೇಕೆಂದು ವಿಧಿಸಿದೆ. ಬೆಳಿಗ್ಗೆ ಕರೆತಂದವನನ್ನು ಸಂಜೆ ಬಂಧಿಸಿದಂತೆ ತೋರಿಸುವುದು, ಇಪ್ಪತ್ತನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂಬ ಸಂವಿಧಾನದ ಮಾತನ್ನೇ ಮುರಿದಂತೆ. ಸಾಕ್ಷಿಗಳ ಮುಂದೆ ಬರೆಯುವ ಮಹಜರಿನಲ್ಲೂ ಅಷ್ಟೆ, ಪಂಚರು, ಅಂದರೆ ಆ ಸಾಕ್ಷಿಗಳು, ಕಾಣದ್ದನ್ನು ಕಂಡಂತೆ ಬರೆಯಬೇಡಿ.

ಕೇಳುತ್ತಿರುವ ನಾಗರಿಕರಿಗೂ ಒಂದು ಮಾತು. ದೂರು ಕೊಟ್ಟಾಗ ಓದಿ ಹೇಳುವಂತೆ ಕೇಳಿ, ಪ್ರತಿ ಪಡೆಯದೆ ಏಳಬೇಡಿ. ಠಾಣೆಯಲ್ಲಿ ನಿರಾಕರಿಸಿದರೆ ಅದೇ ದೂರನ್ನು ಬೆಂಗಳೂರಿನಲ್ಲಿ ನಿಮ್ಮ ವಿಭಾಗದ ಉಪ ಪೊಲೀಸ್ ಆಯುಕ್ತರಿಗೆ, ಜಿಲ್ಲೆಗಳಲ್ಲಿ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳುಹಿಸಬಹುದು. ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು. ನಮಸ್ಕಾರ.