28 ಪುಟ ಓದೋಕೇ ಆಗದ ಸ್ಕ್ರಿಪ್ಟ್ ಹಿಡ್ಕೊಂಡು ಕಥೆ ಹೇಳೋಕೆ ಹೋದ ದಿನ

ಹಾಯ್ ಎಲ್ರಿಗೂ. ಬೆಳಗ್ಗೆ ಆರೂ ಮುಕ್ಕಾಲು, ಜನವರಿ ಚಳಿ, ರೂಮಿಗೆ ಇನ್ನೂ ಬೆಳಕೇ ಬಂದಿಲ್ಲ, ಅದಕ್ಕೇ ವಿಡಿಯೋ ಇಷ್ಟು ಮಬ್ಬು. ಆ ಟೇಬಲ್ ಮೇಲಿರೋ ನೋಟ್‌ಬುಕ್ಕುಗಳು ನನ್ನ ಹನ್ನೊಂದು ತಿಂಗಳ ಕೆಲಸ. ಇವತ್ತು ನಾಗರಬಾವಿಲಿ ಒಬ್ಬ ನಿರ್ಮಾಪಕರ ಆಫೀಸಲ್ಲಿ ಕಥೆ ಹೇಳ್ಬೇಕು, ಹನ್ನೊಂದು ಗಂಟೆಗೆ. ಹೊಸಬರು ತುಂಬಾ ಜನ ಮೆಸೇಜಲ್ಲಿ ಕೇಳ್ತಿರ್ತೀರ, ಅಕ್ಕ ಸ್ಕ್ರಿಪ್ಟ್ ರೈಟರ್ ಆಗೋದು ಹೇಗೆ ಅಂತ, ಅದಕ್ಕೇ ಒಂದು ಇಡೀ ದಿನ ಕ್ಯಾಮೆರಾ ಜೊತೇಲೇ ಓಡಾಡ್ತೀನಿ ಅಂದ್ಕೊಂಡೆ.

ನೋಟ್‌ಬುಕ್ ಹತ್ತಿರ ತೋರಿಸ್ತಿದ್ದೀನಿ ನೋಡಿ, ಪುಟದ ಮಧ್ಯ ಒಂದು ಗೆರೆ, ಎಡಗಡೆ ದೃಶ್ಯದಲ್ಲಿ ಏನಾಗುತ್ತೆ, ಬಲಗಡೆ ಮಾತು. ಇದು ನಮ್ಮ ಕಡೆ ಮುಂಚಿಂದ ಇರೋ ಪದ್ಧತಿ, ಹಳೇ ಕೋ-ಡೈರೆಕ್ಟರ್‌ಗಳು ಈಗ್ಲೂ ಹೀಗೇ ಕೇಳ್ತಾರೆ. ಒಂದು ಪುಟ ಒಂದು ನಿಮಿಷ ಅಂತಾರಲ್ಲ, ಅದು ಇಂಗ್ಲಿಷಲ್ಲಿ ಕೊರಿಯರ್ ಫಾಂಟ್ 12 ಸೈಜಲ್ಲಿ ಟೈಪ್ ಮಾಡೋರ ಲೆಕ್ಕ, ಕನ್ನಡಕ್ಕೆ ಅದು ಕೂರಲ್ಲ. ನನ್ನ ಸ್ಕ್ರಿಪ್ಟ್ 118 ಪುಟ, ಸ್ಟಾಪ್‌ವಾಚ್ ಇಟ್ಕೊಂಡು ಜೋರಾಗಿ ಓದಿದ್ರೆ ಎರಡು ಗಂಟೆ ಇಪ್ಪತ್ತು ನಿಮಿಷ ಬಂತು. ನೀವೂ ಓದಿ ನೋಡಿ, ಪುಟ ಎಣಿಸಬೇಡಿ. ಸರಿ, ಸ್ನಾನ ತಿಂಡಿ ಎಲ್ಲ ಕಟ್ ಮಾಡಿದೀನಿ.

ಇದು ನಮ್ಮ ದೊಡ್ಡಮ್ಮ. ಮುಖ ತೋರಿಸಬೇಡ ಅಂದ್ರು, ಅದಕ್ಕೇ ಕೈ ಮಾತ್ರ ಕಾಣ್ತಿದೆ. ತಿಪಟೂರಿಂದ ಬಂದು ಮೂರು ವರ್ಷ ಆಯ್ತು, ರಾಜಾಜಿನಗರದಲ್ಲಿ ಇವರ ಮನೇಲೇ ಇದೀನಿ, ಬಾಡಿಗೆ ಇಲ್ಲ. ಇದನ್ನ ಮುಚ್ಚಿಡೋದು ತಪ್ಪು, ಯಾಕಂದ್ರೆ ಈ ಮನೆ ಇಲ್ದೇ ಇದ್ದಿದ್ರೆ ನಾನು ಎರಡನೇ ತಿಂಗಳೇ ಊರಿಗೆ ವಾಪಸ್ ಹೋಗಿರ್ತಿದ್ದೆ. ಕಷ್ಟಪಟ್ರೆ ಎಲ್ಲ ಆಗುತ್ತೆ ಅಂತ ಹೇಳೋ ವಿಡಿಯೋಗಳಲ್ಲಿ ಬಾಡಿಗೆ ಯಾರು ಕಟ್ತಿದ್ರು ಅನ್ನೋದು ಬರೋದೇ ಇಲ್ಲ, ನಂಗೆ ಅದು ಮೋಸ ಅನ್ಸುತ್ತೆ. ಬೆಂಗಳೂರಿಗೆ ಬರೋ ಮುಂಚೆ ಕೈಲಿ ಒಂದು ವರ್ಷದ ಖರ್ಚು ಇರ್ಲಿ, ಇಲ್ಲಾಂದ್ರೆ ಒಂದು ಮನೆ ಇರ್ಲಿ. ಕಥೆ ಹೇಳೋ ಪ್ರಾಕ್ಟೀಸೂ ನಾನು ದೊಡ್ಡಮ್ಮನ ಮುಂದೇನೇ ಮಾಡೋದು. ಅವರು ಚೆನ್ನಾಗಿದೆ ಚೆನ್ನಾಗಿಲ್ಲ ಏನೂ ಹೇಳಲ್ಲ, ಬೇಜಾರಾದ ಕಡೆ ಅವರೆಕಾಯಿ ಬುಟ್ಟಿ ಎಳ್ಕೊಂಡು ಬಿಡಿಸೋಕೆ ಶುರು ಮಾಡ್ತಾರೆ. ಆ ಜಾಗಕ್ಕೆ ನಾನು ಪೆನ್ಸಿಲಲ್ಲಿ ಗುರುತು ಹಾಕ್ತೀನಿ. ಹೀಗೇ ಆರು ಸೀನ್ ಹೋಯ್ತು.

ಇದು ಜೆರಾಕ್ಸ್ ಅಂಗಡಿ. ಇಲ್ಲಿಂದಾನೇ ದಿನ ಕೆಟ್ಟಿದ್ದು. ಒಂದು ಪುಟಕ್ಕೆ ಎರಡು ರೂಪಾಯಿ, 118 ಪುಟ, ನಾಲ್ಕು ಸೆಟ್, ಅಂದ್ರೆ 944 ಆಯ್ತಾ, ಸ್ಪೈರಲ್ ಬೈಂಡಿಂಗ್ ಒಂದಕ್ಕೆ 40ರ ಹಾಗೆ 160, ಒಟ್ಟು 1104 ರೂಪಾಯಿ. ಅಣ್ಣ ನೂರು ರೂಪಾಯಿ ಬಿಡಿ ಅಂದೆ, ನಾಲ್ಕು ರೂಪಾಯಿ ಬಿಟ್ರು. ಮೊದಲ ಹತ್ತು ಪುಟ ತಿರುಗಿಸಿ ನೋಡ್ದೆ, ಎಲ್ಲ ಸರಿ ಇತ್ತು, ಬ್ಯಾಗಿಗೆ ಹಾಕ್ಕೊಂಡು ಹೊರಟೆ.

ಮೆಟ್ರೋದಲ್ಲಿ ಕೂತು ಸುಮ್ನೆ ತೆಗೆದು ನೋಡಿದ್ರೆ 31ನೇ ಪುಟದಿಂದ ಕನ್ನಡಾನೇ ಇಲ್ಲ! ಇಂಗ್ಲಿಷ್ ಅಕ್ಷರ, ಅದರ ತಲೆ ಮೇಲೆ ಚುಕ್ಕಿ, ಕೊಂಬು, ಬಾಲ. 58ನೇ ಪುಟದವರೆಗೂ ಹಾಗೇ, 28 ಪುಟ, ನಾಲ್ಕು ಸೆಟ್ಟಲ್ಲೂ. ಆಗಿದ್ದಿಷ್ಟು, ಆ ಸೀನ್‌ಗಳನ್ನ ಮೊದಮೊದಲು ಹಳೇ ಥರದ ಫಾಂಟಲ್ಲಿ ಟೈಪ್ ಮಾಡಿದ್ದೆ. ಅದರಲ್ಲಿ ಕಂಪ್ಯೂಟರ್ ಒಳಗೆ ಇರೋದು ಇಂಗ್ಲಿಷ್ ಅಕ್ಷರಗಳೇ, ಫಾಂಟ್ ಇದ್ರೆ ಮಾತ್ರ ಕನ್ನಡದ ಹಾಗೆ ಕಾಣೋದು. ನನ್ನ ಲ್ಯಾಪ್‌ಟಾಪಲ್ಲಿ ಆ ಫಾಂಟ್ ಇದೆ, ಅಂಗಡೀಲಿ ಇಲ್ಲ. ಉಳಿದಿದ್ದು ಯೂನಿಕೋಡಲ್ಲಿ, ಅಂದ್ರೆ ಎಲ್ಲ ಕಂಪ್ಯೂಟರಲ್ಲೂ ಕನ್ನಡ ಅಂತಾನೇ ಗುರುತಾಗೋ ಕೋಡಲ್ಲಿ ಮಾಡಿದ್ದು, ಅದು ಸರಿಯಾಗಿ ಬಂದಿದೆ. ಅಂಗಡಿಯವರದ್ದು ಏನೂ ತಪ್ಪಿಲ್ಲ. ನಾನು ಪಿಡಿಎಫ್ ಮಾಡ್ಕೊಂಡು ಹೋಗ್ಬೇಕಿತ್ತು, ಫಾಂಟ್ ಪಿಡಿಎಫ್ ಒಳಗೇ ಕೂತಿರುತ್ತೆ. ಹಳೇ ಫಾಂಟಲ್ಲಿ ಬರ್ದಿದ್ದು ಏನಾದ್ರೂ ನಿಮ್ಮ ಹತ್ರ ಇದ್ರೆ ಇವತ್ತೇ ಯೂನಿಕೋಡಿಗೆ ಕನ್ವರ್ಟ್ ಮಾಡಿ, ಮಾಡಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಎಲ್ಲ ಕೂತು ನೋಡಿ, ಪ್ರಿಂಟ್ ಬಂದ ಮೇಲೂ ಮಧ್ಯದ ಪುಟಗಳನ್ನ ತೆಗೆದು ನೋಡಿ. ನಂಗೆ ದುಡ್ಡಿಗಿಂತ ಹೊಟ್ಟೆ ಉರಿದಿದ್ದು ಏನಕ್ಕೆ ಅಂದ್ರೆ, ನನ್ನ ಇಂಟರ್ವಲ್ ಇರೋದು 56ನೇ ಪುಟದಲ್ಲಿ. ಇಡೀ ಸ್ಕ್ರಿಪ್ಟಲ್ಲಿ ನಾನು ಅತಿ ಹೆಚ್ಚು ಸಲ ತಿದ್ದಿರೋದು ಆ ಒಂದು ಸೀನು, ಅದೇ ಗೀಚಿದ ಹಾಗಿದೆ. ಇಳಿದು ಇನ್ನೊಂದು ಅಂಗಡಿ ಹುಡುಕೋಣ ಅಂದ್ರೆ ಹತ್ತೂ ಕಾಲು, ಲ್ಯಾಪ್‌ಟಾಪ್ ಮನೇಲಿ.

ಈ ಶಾಟಲ್ಲಿ ಸ್ಟೇಷನ್ ಬೋರ್ಡ್ ನೋಡಿ, ಮಹಾಕವಿ ಕುವೆಂಪು ರಸ್ತೆ. ಬರೆಯೋರ ಹೆಸರಲ್ಲಿ ಒಂದು ಮೆಟ್ರೋ ಸ್ಟೇಷನ್ ಇರೋ ಊರಿದು, ದಿನಾ ಇಲ್ಲಿ ಹಾದು ಹೋಗುವಾಗ ನಂಗೆ ಖುಷಿ ಆಗುತ್ತೆ. ಸಿನಿಮಾಗೆ ಬರೆದೋರ ಹೆಸರು ನಾವು ಅಷ್ಟು ನೆನಪಿಟ್ಕೊಳ್ಳಲ್ಲ ನೋಡಿ. 1934ರಲ್ಲಿ ಮೊದಲ ಕನ್ನಡ ಟಾಕಿ, ಅಂದ್ರೆ ಮಾತಿರೋ ಸಿನಿಮಾ, ಸತಿ ಸುಲೋಚನಾ ಬಂತು, ಶೂಟಿಂಗ್ ಆಗಿದ್ದು ಕೊಲ್ಲಾಪುರದಲ್ಲಿ, ಅದಕ್ಕೆ ಮಾತು ಹಾಡು ಬರೆದೋರು ಬೆಳ್ಳಾವೆ ನರಹರಿ ಶಾಸ್ತ್ರಿಗಳು, ನಾಟಕ ಬರೀತಿದ್ದೋರು. ಕನ್ನಡದಲ್ಲಿ ಪರದೆ ಮೇಲೆ ಮೊದಲು ಕೇಳಿದ ಮಾತೇ ಅವರದ್ದು, ನನ್ನ ಜೊತೆ ಬರೆಯೋ ಹುಡುಗ್ರಲ್ಲೇ ಎಷ್ಟೋ ಜನಕ್ಕೆ ಈ ಹೆಸರು ಗೊತ್ತಿಲ್ಲ. ಮೆಜೆಸ್ಟಿಕ್ ಬಂತು, ಇಲ್ಲಿ ನೇರಳೆ ಲೈನಿಗೆ ಬದಲಾಯಿಸ್ಬೇಕು, ನಡೀರಿ.

ಅತ್ತಿಗುಪ್ಪೇಲಿ ಇಳಿದು ಆಟೋ. ಆಫೀಸ್ ಒಳಗೆ ಶೂಟ್ ಮಾಡಿಲ್ಲ, ಮಾಡೋದು ಸರಿಯೂ ಅಲ್ಲ, ಅದಕ್ಕೇ ಹೊರಗಡೆ ಬೋಗನ್‌ವಿಲ್ಲಾ ಗಿಡ ತೋರಿಸ್ತಾ ಮಾತಾಡ್ತಿದ್ದೀನಿ. ಹನ್ನೊಂದು ಅಂದಿದ್ರು, ಒಂದೂ ನಲವತ್ತಕ್ಕೆ ಒಳಗೆ ಕರೆದ್ರು. ಕಾಯೋದ್ರ ಬಗ್ಗೆ ನಂಗೆ ಈಗ ಬೇಜಾರಿಲ್ಲ, ಮುಂಚೆ ಇತ್ತು. ನಿರ್ಮಾಪಕರು, ಕೋ-ಡೈರೆಕ್ಟರ್, ಇನ್ನೊಬ್ರು ಯಾರೋ ಫೈನಾನ್ಸ್ ನೋಡ್ಕೊಳ್ಳೋರು. ನಾಲ್ಕು ಸೆಟ್ ಟೀಪಾಯ್ ಮೇಲಿಟ್ಟು, ಸರ್ 31ರಿಂದ 58 ಪ್ರಿಂಟ್ ಹೋಗಿದೆ, ಕ್ಷಮಿಸಿ ಅಂತ ಶುರು ಮಾಡೋ ಮುಂಚೆನೇ ಹೇಳಿದೆ. ನಿರ್ಮಾಪಕರು, ಇರ್ಲಿ ಬಿಡಮ್ಮ, ನೀನು ಹೇಳು ಅಂದ್ರು.

ಹೇಳಿದೆ. ಐವತ್ತು ನಿಮಿಷ. ಮಧ್ಯೆ ಎರಡು ಫೋನ್ ಬಂತು, ಎರಡು ಸಲಾನೂ ನಿಲ್ಲಿಸಿ ಮತ್ತೆ ಅದೇ ವಾಕ್ಯದಿಂದ ಎತ್ಕೊಂಡೆ. ಇಂಟರ್ವಲ್ ಬಂದಾಗ ಬಾಯಲ್ಲೇ ಹೇಳ್ದೆ, ಪ್ರತಿ ಮಾತೂ ನೆನಪಿತ್ತು, ಫೈನಾನ್ಸ್‌ನೋರು ಫೋನ್ ಕೆಳಗಿಟ್ರು. ಯಾರೂ ಸ್ಕ್ರಿಪ್ಟ್ ತೆಗೆದು ನೋಡ್ಲಿಲ್ಲ, ಒಂದು ಪುಟಾನೂ. ಮೊದಲು ನಂಗೆ ತುಂಬಾ ಸಿಟ್ಟು ಬಂತು, ಹನ್ನೊಂದು ತಿಂಗಳು ಬರೆದಿದ್ದನ್ನ ಕೈಲಿ ಮುಟ್ಟದೇ ಇರೋದು ಯಾವ ನ್ಯಾಯ ಅಂತ. ಈಗ ವಾಯ್ಸ್ಓವರ್ ಮಾಡ್ತಾ ಯೋಚನೆ ಮಾಡಿದ್ರೆ ಅಷ್ಟು ಸಿಟ್ಟಿಲ್ಲ. ಇಲ್ಲಿ ಕಥೆ ಕೇಳ್ತಾರೆ, ಓದೋದು ಆಮೇಲೆ, ಡೈರೆಕ್ಟರ್ ಬಂದ ಮೇಲೆ. ನೀವು ಎಷ್ಟೇ ಚೆನ್ನಾಗಿ ಬರೀರಿ, ಹೇಳೋಕೆ ಬರ್ದೇ ಇದ್ರೆ ಮೊದಲನೇ ಬಾಗಿಲೇ ತೆಗೆಯಲ್ಲ. ಹಾಗಂತ ಮೆತ್ತಗಿನ ಸ್ವಭಾವದ ಒಳ್ಳೇ ರೈಟರ್‌ಗಳು ಎಷ್ಟು ಜನ ಹೀಗೆ ಹೊರಗೇ ಉಳಿದಿರ್ತಾರೆ ಅಂತ ನೆನೆಸ್ಕೊಂಡ್ರೆ ಮತ್ತೆ ಸಿಟ್ಟು ಬರುತ್ತೆ.

ಕಥೆ ಚೆನ್ನಾಗಿದೆ, ಸೆಕೆಂಡ್ ಹಾಫ್ ಮೇಲೆ ಕೂರ್ಬೇಕು, ದಿನಾ ಬನ್ನಿ, ಎರಡು ವಾರ ಒಟ್ಟಿಗೆ ಕೂತು ಕಥೆ ತಿದ್ದೋ ಸಿಟ್ಟಿಂಗ್ ಮಾಡೋಣ ಅಂದ್ರು ಕೋ-ಡೈರೆಕ್ಟರ್. ಈ ಮಾತಿಗೆ ಹೊಸಬರು ಕರಗಿ ಹೋಗ್ತೀವಿ. ನಾನು ಹೋಗಿದ್ದೆ, ಮೊದಲ ವರ್ಷ, ಬೇರೆ ಒಂದು ಕಡೆ. ನಾಲ್ಕು ತಿಂಗಳು ದಿನಾ ಸಿಟ್ಟಿಂಗ್, ಒನ್ ಲೈನ್ ಆರ್ಡರ್, ಅಂದ್ರೆ ಸೀನಿಗೊಂದು ಸಾಲಿನ ಪಟ್ಟಿ, ನಾನೇ ಮಾಡ್ದೆ, ಎಂಟು ಸೀನ್ ಡೈಲಾಗ್ ನಾನೇ ಬರೆದೆ, ಪ್ರಾಜೆಕ್ಟ್ ಆಗ್ಲಿ ನೋಡೋಣ ಅಂದ್ರು. ಪ್ರಾಜೆಕ್ಟ್ ಆಯ್ತು. ನಂಗೆ ಬಂದಿದ್ದು ಟೈಟಲ್ ಕಾರ್ಡಲ್ಲಿ ವಿಶೇಷ ಕೃತಜ್ಞತೆ ಅಂತ ಹದಿನೈದು ಹೆಸರಿನ ಮಧ್ಯೆ ಒಂದು ಹೆಸರು. ಥಿಯೇಟರಲ್ಲಿ ನನ್ನ ಮಾತಿಗೆ ಜನ ನಕ್ಕರು, ಪಕ್ಕದಲ್ಲಿ ಕೂತಿದ್ದ ದೊಡ್ಡಮ್ಮಂಗೆ ಇದು ನಾನು ಬರೆದಿದ್ದು ಅಂತ ಹೇಳೋಕೂ ಗಂಟಲು ಕಟ್ಟಿತ್ತು. ಯಾರ ಹತ್ರಾನೂ ಒಂದು ಕಾಗದ ಇರ್ಲಿಲ್ಲ, ಒಂದು ಇಮೇಲ್ ಇರ್ಲಿಲ್ಲ, ಕೇಳೋದು ಹೇಗೆ?

ಆಮೇಲೇ ನಾನು ಕಾನೂನು ಓದಿದ್ದು, ಒಬ್ರು ಪರಿಚಯದ ಲಾಯರ್ ಹೇಳಿಕೊಟ್ರು. ಐಡಿಯಾಗೆ ಕಾಪಿರೈಟ್ ಇಲ್ಲ, ಅದನ್ನ ನೀವು ಬರೆದ ರೀತಿಗೆ ಇದೆ, ಇದನ್ನ ಸುಪ್ರೀಂ ಕೋರ್ಟ್ 1978ರಲ್ಲೇ ಹೇಳಿದೆ. ಅಂದ್ರೆ ಕಾಫಿ ಕುಡೀತಾ ಬಾಯಲ್ಲಿ ಹೇಳಿದ ಒಂದು ಸಾಲಿನ ಕಥೆ ಯಾರಾದ್ರೂ ಎತ್ಕೊಂಡ್ರೆ ನಿಮ್ಮ ಕೈಲಿ ಹೆಚ್ಚೇನೂ ಇರಲ್ಲ, ಬರೆದಿಟ್ಟ ಸೀನ್‌ಗಳು ಇದ್ರೆ ಇರುತ್ತೆ. ಅದಕ್ಕೇ ಕಥೆ ಹೇಳೋಕೆ ಹೋಗೋ ಮುಂಚೆ ಬರೆದು ಮುಗಿಸಿ. ಕಾಪಿರೈಟ್ ಆಫೀಸಲ್ಲಿ ಆನ್‌ಲೈನೇ ರಿಜಿಸ್ಟರ್ ಮಾಡ್ಬಹುದು, ಸಾಹಿತ್ಯ ಕೃತಿಗೆ ಫೀಸ್ 500 ರೂಪಾಯಿ, ಯಾರಾದ್ರೂ ಆಕ್ಷೇಪ ಹಾಕ್ತಾರಾ ಅಂತ 30 ದಿನ ಕಾಯ್ತಾರೆ, ಆಮೇಲೆ ಪರಿಶೀಲನೆ. ಮುಂಬೈಯ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್ನಿಗೆ ಕನ್ನಡದಲ್ಲಿ ಬರೆಯೋರೂ ಮೆಂಬರ್ ಆಗ್ಬಹುದು, ಅಲ್ಲೂ ಆನ್‌ಲೈನ್ ರಿಜಿಸ್ಟ್ರೇಷನ್ ಇದೆ. ಫಿಲ್ಮ್ ಚೇಂಬರಲ್ಲಿ ಟೈಟಲ್ ರಿಜಿಸ್ಟರ್ ಆಗಿದೆ ಅಂತ ಯಾರಾದ್ರೂ ಹೇಳಿದ್ರೆ ನಿಮ್ಮ ಕಥೆ ಸೇಫ್ ಅಂದ್ಕೋಬೇಡಿ, ಅದು ನಿರ್ಮಾಪಕರು ಸಿನಿಮಾದ ಹೆಸರಿಗೆ ಮಾತ್ರ ಮಾಡಿಸೋದು, ನಿಮ್ಮ ಬರವಣಿಗೆಗೂ ಅದಕ್ಕೂ ಸಂಬಂಧ ಇಲ್ಲ.

ಇನ್ನೊಂದು, ನಂಗೆ ಇದು ಗೊತ್ತಾದಾಗ ಕಣ್ಣು ತೆರೆದ ಹಾಗಾಯ್ತು. ಹಕ್ಕು ವರ್ಗಾವಣೆ ಬಾಯಿ ಮಾತಲ್ಲಿ ಆಗಲ್ಲ, ಬರವಣಿಗೇಲಿ ಇರ್ಬೇಕು, ಸಹಿ ಬೇಕು. ಎಷ್ಟು ವರ್ಷಕ್ಕೆ ಅಂತ ಬರೀದೇ ಇದ್ರೆ ಐದು ವರ್ಷ ಅಂತ ಲೆಕ್ಕ, ಎಲ್ಲೆಲ್ಲಿಗೆ ಅಂತ ಬರೀದೇ ಇದ್ರೆ ಭಾರತಕ್ಕೆ ಮಾತ್ರ. 2012ರ ತಿದ್ದುಪಡಿ ಬಂದ ಮೇಲೆ, ಥಿಯೇಟರ್ ಬಿಟ್ಟು ಬೇರೆ ಕಡೆ ಸಿನಿಮಾ ಬಳಕೆ ಆದ್ರೆ ರೈಟರ್‌ಗೆ ಬರೋ ರಾಯಲ್ಟಿ ಹಕ್ಕನ್ನ ಬರೆಸ್ಕೊಂಡು ಕಿತ್ಕೊಳ್ಳೋಕೂ ಆಗಲ್ಲ. ಕೈಗೆ ಬರೋದು ಬೇರೆ ಮಾತು, ಆದ್ರೆ ಕಾಗದದ ಮೇಲೆ ನಮ್ಮ ಪರವಾಗಿ ಇಷ್ಟು ಇದೆ, ಅಗ್ರಿಮೆಂಟ್ ಓದುವಾಗ ಗೊತ್ತಿರ್ಲಿ.

ಅಯ್ಯೋ, ಗಿಡದ ಶಾಟ್ ಮುಗಿದೇ ಹೋಯ್ತು, ಇದು ವಾಪಸ್ ಬರ್ತಾ ಆಟೋದಲ್ಲಿ ತೆಗೆದಿದ್ದು.

ದುಡ್ಡಿಗೆ ಏನ್ ಮಾಡ್ತೀಯ ಅಂತ ಕೇಳ್ತೀರ. ಸೀರಿಯಲ್. ಈ ಚಾನೆಲ್ಲಲ್ಲೇ ಒಂದು ಸಲ ಸೀರಿಯಲ್ ಬರೀಬೇಡಿ, ಕೈ ಕೆಟ್ಟು ಹೋಗುತ್ತೆ ಅಂತ ಹೇಳಿದ್ದೆ, ಆ ಮಾತು ವಾಪಸ್ ತಗೋತೀನಿ. ಎಪಿಸೋಡಿಗೆ 1500ರ ಹಾಗೆ ಡೈಲಾಗ್ ಬರೆದೆ, ತಿಂಗಳಿಗೆ 24 ಎಪಿಸೋಡ್, 36,000, ಟಿಡಿಎಸ್, ಅಂದ್ರೆ ದುಡ್ಡು ಕೊಡೋರೇ ಮೊದಲೇ ಹಿಡ್ಕೊಳ್ಳೋ ತೆರಿಗೆ, 10 ಪರ್ಸೆಂಟ್ ಹೋಗಿ 32,400. ಅದು ಕೈಗೆ ಬರೋದು ಇನ್‌ವಾಯ್ಸ್ ಕೊಟ್ಟು ಮೂರು ತಿಂಗಳಿಗೆ. ಟಿಡಿಎಸ್ ಸರ್ಕಾರಕ್ಕೆ ಕಟ್ಟಿದಾರಾ ಅಂತ ಇನ್‌ಕಮ್ ಟ್ಯಾಕ್ಸ್ ವೆಬ್‌ಸೈಟಲ್ಲಿ ನೋಡ್ತಿರಿ, ರಿಟರ್ನ್ಸ್ ಹಾಕಿದ್ರೆ ನಮ್ಮಂಥ ಕಮ್ಮಿ ಆದಾಯದೋರಿಗೆ ವಾಪಸ್ ಬರುತ್ತೆ. ಗುರುವಾರ ಟಿಆರ್‌ಪಿ ಬರುತ್ತೆ, ಕಮ್ಮಿ ಬಂದ್ರೆ ಶುಕ್ರವಾರ ಕಥೆ ಬೇರೆ ದಿಕ್ಕಿಗೆ, ರಾತ್ರಿ ಎರಡು ಗಂಟೆಗೆ ಸೀನ್ ಕಳಿಸಿದ್ರೆ ಬೆಳಗ್ಗೆ ಸೆಟ್ಟಲ್ಲಿ ಅದನ್ನೇ ಓದ್ಕೊಂಡು ಶೂಟ್ ಮಾಡ್ತಾರೆ. ಸುಸ್ತಾಗಿ ಅತ್ತಿದೀನಿ. ಆದ್ರೆ ಕಲಾವಿದರ ಬಾಯಲ್ಲಿ ಯಾವ ಮಾತು ಕೂರುತ್ತೆ, ಯಾವುದು ತಡವರಿಸುತ್ತೆ ಅನ್ನೋದನ್ನ ನಂಗೆ ಕಲಿಸಿದ್ದು ಸೀರಿಯಲ್ಲೇ.

ಇದು ರಾತ್ರಿ ಒಂಬತ್ತೂವರೆ. ಕೋ-ಡೈರೆಕ್ಟರ್ ಮೆಸೇಜ್ ಮಾಡಿದ್ರು, ನಾಳೆ ಹನ್ನೊಂದಕ್ಕೆ ಬನ್ನಿ ಅಂತ. ಈ ಸಲ ನಾನು ವಾಟ್ಸಾಪಲ್ಲಿ ಓಕೆ ಸರ್ ಅಂತ ಹಾಕ್ಲಿಲ್ಲ. ಇವತ್ತು ಹೇಳಿದ ಕಥೆ, ತಾರೀಖು, ಯಾರ್ಯಾರು ಇದ್ರು, ಪೂರ್ತಿ ಸ್ಕ್ರಿಪ್ಟ್ ಪಿಡಿಎಫ್, ಎಲ್ಲ ಸೇರಿಸಿ ಆಫೀಸಿಗೆ ಇಮೇಲ್ ಮಾಡಿದೆ. ಸಿಟ್ಟಿಂಗ್ ಶುರು ಮಾಡೋ ಮುಂಚೆ ಅಡ್ವಾನ್ಸ್ ಮತ್ತೆ ಒಂದು ಪುಟದ ಅಗ್ರಿಮೆಂಟ್ ಬೇಕು ಸರ್ ಅಂತ ಬರೆದೆ. ಕಳಿಸೋವಾಗ ಕೈ ನಡುಗ್ತಿತ್ತು, ನಿಜವಾಗ್ಲೂ. ಮೆಸೇಜಲ್ಲೂ ಮೇಲ್ ನೋಡಿ ಸರ್ ಅಂತ ಹಾಕಿದೀನಿ, ನೀಲಿ ಟಿಕ್ ಬಂದು ನಲವತ್ತು ನಿಮಿಷ ಆಯ್ತು, ಉತ್ತರ ಇಲ್ಲ. ದೊಡ್ಡಮ್ಮ ಊಟಕ್ಕೆ ಕರೀತಿದಾರೆ, ಅವರೆಕಾಳು ಸಾರು. ಊಟ ಮಾಡಿ ಆ 28 ಪುಟ ಯೂನಿಕೋಡಲ್ಲಿ ಮತ್ತೊಂದು ಸಲ ನೋಡ್ಬೇಕು, ರ ಒತ್ತುಗಳು ಎಲ್ಲೆಲ್ಲೋ ಹೋಗಿ ಕೂತಿವೆ. ಬ್ಯಾಟರಿ ಮೂರು ಪರ್ಸೆಂಟ್ ತೋರಿಸ್ತಿದೆ, ಉತ್ತರ ಏನು ಬಂತು ಅಂತ ಮುಂದಿನ ವಿಡಿಯೋದಲ್ಲಿ ಹೇಳ್ತೀನಿ.