ಕೈಗವಸಿನವನ ಮಗ ಓದಿದ ಶಾಲೆ

ಅಧ್ಯಕ್ಷರೆ, ಗೆಳೆಯರೆ, ಅರ್ಧ ಗಂಟೆ ಮಾತಾಡಿ ಎಂದು ಕರೆದಿದ್ದರು. ವಂದನೆ, ಹಾರ, ಪರಿಚಯಗಳಲ್ಲೇ ಅದರ ಅರ್ಧ ಮುಗಿದಿದೆ. ಹಾಗಾಗಿ ಶೇಕ್ಸ್‌ಪಿಯರನ ನಾಟಕಗಳನ್ನು ಬಿಟ್ಟು ನೇರ ಅವನ ಸ್ಕೂಲಿಗೆ ಹೋಗುತ್ತೇನೆ.

ಅದೊಂದು ಗ್ರಾಮರ್ ಸ್ಕೂಲ್. ಹಾಗಂದರೆ ಇಂಗ್ಲಿಷ್ ವ್ಯಾಕರಣದ ಶಾಲೆ ಅಂತ ನಾನೂ ಬಹಳ ಕಾಲ ನಂಬಿದ್ದೆ. ಅಲ್ಲ, ಅಲ್ಲಿ ಗ್ರಾಮರ್ ಅಂದರೆ ಲ್ಯಾಟಿನ್. ಅವನ ಊರು ಸ್ಟ್ರಾಟ್‌ಫರ್ಡ್‌ನಲ್ಲಿ ಒಬ್ಬ ಮೇಷ್ಟ್ರು ಇದ್ದ ದಾಖಲೆ 1295ರಷ್ಟು ಹಿಂದಿನದು. ಶಾಲೆಯ ಈಗಿನ ‘ಕಿಂಗ್ ಎಡ್ವರ್ಡ್’ ಹೆಸರಿನ ಮೂಲ 1553ರಲ್ಲಿ ಆರನೇ ಎಡ್ವರ್ಡ್ ಕೊಟ್ಟ ಸನ್ನದು. ದೊರೆಗೆ ಆಗ ಹದಿನೈದು ವರ್ಷ. ಸನ್ನದು ಹೊರಟ ಕೆಲವೇ ದಿನಕ್ಕೆ ತೀರಿಕೊಂಡ. ಮೇಷ್ಟ್ರಿಗೆ ವರ್ಷಕ್ಕೆ 20 ಪೌಂಡ್, ಇರಲು ಮನೆ. ಊರಿನ ಹುಡುಗರಿಗೆ ಫೀಜಿಲ್ಲ.

ಶೇಕ್ಸ್‌ಪಿಯರನ ಅಪ್ಪ, ಕೈಗವಸು ಹೊಲಿಯುವ ಜಾನ್, ತನ್ನ ಮಗನನ್ನು ಅಲ್ಲಿಗೇ ಕಳಿಸಿರಬೇಕು. ಹಾಜರಿ ಪುಸ್ತಕ ಉಳಿದಿಲ್ಲ, ನಿಜ. ಆದರೆ ಮನೆಯಿಂದ ನಾಲ್ಕು ಹೆಜ್ಜೆ, ಅಪ್ಪ 1568ರಲ್ಲಿ ಊರಿಗೇ ಹಿರಿಯ ಅಧಿಕಾರಿ. ಊರಿನ ಸಭಾಭವನವಾದ ಗಿಲ್ಡ್‌ಹಾಲಿನ ಮಹಡಿಯಲ್ಲಿ ಪಾಠ, ಕೆಳಗೆ ಪುರಸಭೆ. ಆ ಅಪ್ಪನ ಅಧಿಕಾರದಲ್ಲೇ ಸಂಚಾರಿ ನಾಟಕದವರಿಗೆ ಊರಿನ ಹಣ ಸಂದಾಯವಾಯಿತು. ಇಷ್ಟೆಲ್ಲ ಮಾಡಿದ ಅಪ್ಪ ಸಹಿಯ ಜಾಗದಲ್ಲಿ ಒಂದು ಗುರುತು ಹಾಕುತ್ತಿದ್ದ.

ಸಾಕ್ಷಿ ಬೇಕೆ? ಮಗನ ನಾಟಕ ‘ಮೆರಿ ವೈವ್ಸ್ ಆಫ್ ವಿಂಡ್ಸರ್’ ನೋಡಿ. ಅಲ್ಲೊಬ್ಬ ಹುಡುಗ, ಹೆಸರೂ ವಿಲಿಯಂ! ವೇಲ್ಸ್‌ನ ಪಾದ್ರಿ ಅವನಿಗೆ ಪಾಠ ಒಪ್ಪಿಸಲು ಹೇಳುತ್ತಾನೆ. ಲಾಪಿಸ್ ಅಂದರೇನಪ್ಪ? ಕಲ್ಲು. ಸರಿ, ಕಲ್ಲು ಅಂದರೆ? ಹುಡುಗ, ಪಾಪ, ಯೋಚಿಸಿ ‘ಬೆಣಚುಕಲ್ಲು’ ಅನ್ನುತ್ತಾನೆ. ತಪ್ಪು! ಲಾಪಿಸ್ ಅನ್ನಬೇಕಿತ್ತಂತೆ. ರಾಮಃ ರಾಮೌ ರಾಮಾಃ ತಪ್ಪಿ ಕಿವಿ ಹಿಂಡಿಸಿಕೊಂಡವರು ಈ ಸಭೆಯಲ್ಲಿ ಎಷ್ಟು ಮಂದಿ? ಕೈ ಎತ್ತುವುದು ಬೇಡ, ಮುಖದಲ್ಲೇ ಗೊತ್ತಾಗುತ್ತದೆ. ನನಗೆ ಯಾವಾಗಲೂ ಹುಡುಗನ ಉತ್ತರವೇ ಸರಿ ಅನ್ನಿಸುತ್ತದೆ. ಪಾದ್ರಿಗೆ ಬೇಕಿದ್ದದ್ದು ಪದ, ಹುಡುಗನಿಗೆ ಕಂಡದ್ದು ಕಲ್ಲು.

ನನ್ನ ತಕರಾರು ಇಲ್ಲೇ. ಇವತ್ತು ಅದೇ ಶಾಲೆ ಹನ್ನೊಂದರ ಹುಡುಗರನ್ನು ಪ್ರವೇಶ ಪರೀಕ್ಷೆಯಲ್ಲಿ ಸೋಸಿ ತೆಗೆದುಕೊಳ್ಳುತ್ತದೆ. ಅಲ್ಲಿ ‘ಬೆಣಚುಕಲ್ಲು’ ಎಂದು ಬರೆದರೆ ಸೊನ್ನೆಯಲ್ಲವೆ? 1944ರ ಶಿಕ್ಷಣ ಕಾಯಿದೆಯ ನಂತರ ಇಂಥ ಪರೀಕ್ಷೆ ದೇಶಕ್ಕೆಲ್ಲ ಹಬ್ಬಿತು. 1965ರಲ್ಲಿ ಲೇಬರ್ ಸರ್ಕಾರ ಇದನ್ನು ಕೈಬಿಡಿ ಅಂದಿತು. ಈಗ ಇಂಗ್ಲೆಂಡಿನಲ್ಲಿ ಉಳಿದಿರುವ ಇಂಥ ಸರ್ಕಾರಿ ಶಾಲೆಗಳು 163. ಫೀಜು ಈಗಲೂ ಇಲ್ಲ, ಆದರೆ ಟ್ಯೂಷನ್ನಿಗೆ ದುಡ್ಡು ಬೇಕು. ಅದರ ಬಗ್ಗೆ ನಿಮಗೆ ನಾನು ಹೇಳಬೇಕೆ?

ಹಳೆಯ ಕಾಲವೇ ಚೆನ್ನಾಗಿತ್ತು ಅಂತ ನಾನು ಹೇಳುತ್ತಿಲ್ಲ. ಶೇಕ್ಸ್‌ಪಿಯರನ ತಂಗಿ ಜೋನ್‌ಗೆ ಆ ಮಹಡಿಯ ಮೆಟ್ಟಿಲು ಮುಚ್ಚಿತ್ತು. ಹುಡುಗಿಯರು ಸೇರಿದ್ದು 2013ರಲ್ಲಿ, ಅದೂ ಕೊನೆಯ ಎರಡು ವರ್ಷಕ್ಕೆ ಮಾತ್ರ.

ಸಮಯ ಮುಗಿಯಿತೆಂದು ಚೀಟಿ ಬಂತು. ಆ ಕಾಲದ ಲ್ಯಾಟಿನ್ ಪಠ್ಯವಾದ ಲಿಲಿಯ ವ್ಯಾಕರಣ, ಬೆತ್ತ, ಮೇಷ್ಟ್ರುಗಳ ಪಟ್ಟಿ, ಎಲ್ಲ ಬಿಟ್ಟೆ. ಒಂದೇ ಮಾತು: ಪ್ರತಿ ಏಪ್ರಿಲ್‌ನಲ್ಲಿ ಆ ಶಾಲೆಯ ಮಕ್ಕಳು ಹೂ ಹಿಡಿದು ಮೆರವಣಿಗೆಯಲ್ಲಿ ಹೋಲಿ ಟ್ರಿನಿಟಿ ಚರ್ಚಿಗೆ ಹೋಗುತ್ತಾರೆ, ಹಳೆಯ ವಿದ್ಯಾರ್ಥಿಯ ಸಮಾಧಿಗೆ. ಅದರ ಮೇಲೂ ಒಂದು ಕಲ್ಲಿದೆ.